ಕಡಲ ಪಾಚಿಯ ಅಂಟು, ಬಾಗಲಕೋಟೆಯ ಸುಣ್ಣಗಲ್ಲು

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಎಂದ ಕೂಡಲೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಎರೆಭೂಮಿ, ಬಿಳಿಜೋಳದ ಹೊಲ, ಕೆಂಪು ಬಂಡೆಯ ಗುಡ್ಡ, ಕೈಮಗ್ಗದ ಸದ್ದು. ನೀರೆಂದರೆ ಇಲ್ಲಿಯ ಜನಕ್ಕೆ ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಇಂಥ ಒಣಸೀಮೆಗೂ ಕಡಲಿಗೂ ಏನು ನಂಟು ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಎಲೆಗೆ ಹಚ್ಚುವ ಸುಣ್ಣ, ಹಬ್ಬಕ್ಕೆ ಗೋಡೆಗೆ ಬಳಿಯುವ ಸುಣ್ಣ, ಮನೆ ಕಟ್ಟಿಸುವಾಗ ಚೀಲಗಟ್ಟಲೆ ತರಿಸುವ ಸಿಮೆಂಟು, ಇವುಗಳ ಮೂಲವನ್ನು ಹುಡುಕುತ್ತ ಹೊರಟರೆ ನಾವು ತಲುಪುವುದು ಸುಣ್ಣಗಲ್ಲಿಗೆ. ಬಾಗಲಕೋಟೆಯ ಸುಣ್ಣಗಲ್ಲಿನ ಮೂಲವನ್ನು ಹುಡುಕುತ್ತ ಹೊರಟರೆ ತಲುಪುವುದು ಒಂದು ಕಡಲಿಗೆ. ಆ ಕಡಲು ಇಲ್ಲಿಯೇ ಇತ್ತು.

ಕಡಲಿನಲ್ಲಿ ಕಲ್ಲು ಹುಟ್ಟುವ ಕ್ರಮ ಒಂದೇ ಬಗೆಯದಲ್ಲ. ಈ ಸೀಮೆಯ ಸುಣ್ಣಗಲ್ಲಿನ ಒಂದು ಪಾಲಿನ ಹುಟ್ಟಿನಲ್ಲಿ ಎರಡು ಬಗೆಯ ಕೆಲಸ ಕೂಡಿಕೊಂಡಿತ್ತು. ನೀರಿನ ಪಾಚಿ ತನ್ನ ಮೈಸುತ್ತ ಒಂದು ಅಂಟನ್ನು ಕಟ್ಟಿತು. ಅದರ ಮಗ್ಗುಲಲ್ಲೇ ಇದ್ದ, ಕಣ್ಣಿಗೆ ಕಾಣದ ಜೀವಿಗಳು ಆ ಅಂಟನ್ನು ಬಿಡಿಸಿದವು. ಕಟ್ಟಿದವರ ಕಥೆಯನ್ನು ಶಾಲೆಯ ಪುಸ್ತಕಗಳು ಅಷ್ಟಿಷ್ಟು ಹೇಳುತ್ತವೆ. ಬಿಡಿಸಿದವರ ಕಥೆ ಕೇಳಿದವರು ಕಡಿಮೆ. ಕಟ್ಟುವವರಷ್ಟೇ ಬಿಡಿಸುವವರೂ ಈ ನೆಲದ ಚರಿತ್ರೆಗೆ ಬೇಕಾದವರು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ಈ ಕಲ್ಲುಗಳ ಚರಿತ್ರೆಯನ್ನು ಕ್ರಮವಾಗಿ ಬರೆದವರಲ್ಲಿ ಮೊದಲಿಗರು ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಅವರು. ೧೮೬೩ರಲ್ಲಿ ಮದರಾಸಿನ ಹತ್ತಿರ ಪಲ್ಲಾವರದಲ್ಲಿ ಶಿಲಾಯುಗದ ಕೈಗೊಡಲಿಯನ್ನು ಕಂಡುಹಿಡಿದು ಹೆಸರಾದವರು ಇವರೇ. ದಕ್ಷಿಣ ಮಹಾರಾಷ್ಟ್ರವೆಂದು ಆಗ ಕರೆಯುತ್ತಿದ್ದ ನಮ್ಮ ಈ ಭಾಗವನ್ನೆಲ್ಲ ಸುತ್ತಿ ಅವರು ಸಿದ್ಧಪಡಿಸಿದ ಗ್ರಂಥ ೧೮೭೬ರಲ್ಲಿ ಅಚ್ಚಾಯಿತು. ಅಂದು ಜಿಲ್ಲೆಯ ಮುಖ್ಯ ಠಾಣೆ ಇದ್ದದ್ದು ಕಲಾದಗಿಯಲ್ಲಿ. ಅದು ವಿಜಾಪುರಕ್ಕೆ ಹೋದದ್ದು ೧೮೮೫ರಲ್ಲಿ. ಆದ್ದರಿಂದ ಫೂಟ್ ಅವರು ಇಲ್ಲಿಯ ಪದರಗಲ್ಲುಗಳಿಗೆಲ್ಲ ‘ಕಲಾದಗಿ ಶ್ರೇಣಿ’ ಎಂಬ ಹೆಸರನ್ನು ಕೊಟ್ಟರು. ಕಚೇರಿ ಹೋಯಿತು, ಕಲಾದಗಿ ದಾಳಿಂಬೆಗೂ ಚಿಕ್ಕುವಿಗೂ ಹೆಸರಾಯಿತು. ಭೂವಿಜ್ಞಾನದ ಪುಸ್ತಕಗಳಲ್ಲಿ ಮಾತ್ರ ಅದು ಇಂದಿಗೂ ಒಂದು ಕಡಲಿನ ಹೆಸರಾಗಿ ಉಳಿದಿದೆ.

ಈ ಕಲ್ಲಿನ ಪುಸ್ತಕವನ್ನು ಕೆಳಗಿನ ಪುಟದಿಂದ ಓದಬೇಕು. ತೀರ ಕೆಳಗಿರುವುದು ಇಳಕಲ್ಲಿನ ಕೆಂಪು ಗ್ರಾನೈಟು, ಹುನಗುಂದದ ಸುತ್ತಿನ ಹಳೆಯ ಪದರು ಶಿಲೆಗಳು. ಇಳಕಲ್ಲಿನ ಗ್ರಾನೈಟು ೨೫೦ ಕೋಟಿ ವರ್ಷಗಳ ಆಸುಪಾಸಿನದು. ಆ ಹಳೆಯ ನೆಲ ಸವೆದು ತಗ್ಗಾದ ಮೇಲೆ ಅದರ ಮೇಲೆ ನೀರು ಏರಿ ಬಂದಿತು. ಮೊದಲು ಗುಂಡುಕಲ್ಲು, ಮರಳು ಕೂತವು. ಬಳಿಕ ನೀರು ತಿಳಿಯಾದಂತೆ ಜೇಡಿ, ಸುಣ್ಣಗಲ್ಲು, ಡಾಲೊಮೈಟು ಬೆಳೆದವು. ಡಾಲೊಮೈಟೆಂದರೆ ಸುಣ್ಣದ ಜತೆಗೆ ಮೆಗ್ನೀಸಿಯಮ್ಮೂ ಕೂಡಿದ ಸುಣ್ಣಗಲ್ಲು. ಬಾಗಲಕೋಟೆ, ಲೋಕಾಪುರ, ಮುಧೋಳದ ಕಡೆ ಕಾಣುವುದು ಈ ಪದರಗಳು. ಇವು ಕೂತು ಗಟ್ಟಿಯಾದ ಮೇಲೆ ಭೂಮಿ ಅವನ್ನು ಒತ್ತಿ ಮಡಿಸಿತು. ಆ ಮಡಿಕೆಗಳು ಮತ್ತೆ ಸವೆದ ಮೇಲೆ, ಅವುಗಳ ಮೇಲೆ ಹಾಸಿದ ಹಾಗೆ ಬಂದು ಕೂತದ್ದು ಬಾದಾಮಿಯ ಮರಳುಗಲ್ಲು. ಶಕ ೫೦೦, ಎಂದರೆ ಕ್ರಿಸ್ತಶಕ ೫೭೮ರಲ್ಲಿ ಮಂಗಳೇಶನು ಶಾಸನ ಬರೆಯಿಸಿದ ಮೂರನೆಯ ಗುಹಾದೇವಾಲಯವನ್ನು ಕೊರೆದದ್ದು ಈ ಮೇಲಿನ ಹಾಸಿನಲ್ಲಿ. ಚಾಲುಕ್ಯರ ಶಿಲ್ಪಿಗಳ ಕಲ್ಲು ಬಾಗಲಕೋಟೆಯ ಸುಣ್ಣಗಲ್ಲಿಗಿಂತ ಬಹಳ ಎಳೆಯದು ಎಂದಾಯಿತು.

ಹಾಗಾದರೆ ಸುಣ್ಣಗಲ್ಲಿನ ವಯಸ್ಸೆಷ್ಟು? ಬಾಗಲಕೋಟೆ ಪದರಗಳನ್ನು ಸೀಳಿಕೊಂಡು ಒಳನುಗ್ಗಿದ ಬೆಂಕಿಗಲ್ಲೊಂದು ಮಲ್ಲಾಪುರದ ಹೆಸರಿನಲ್ಲಿದೆ. ಅದರ ವಯಸ್ಸನ್ನು ವಿಜ್ಞಾನಿಗಳು ಅಳೆದು ೨೦೧೮ರಲ್ಲಿ ಪ್ರಕಟಿಸಿದರು: ಸುಮಾರು ೧೧೫ ಕೋಟಿ ವರ್ಷ. ನುಗ್ಗಿ ಬಂದದ್ದಕ್ಕೆ ಅಷ್ಟು ವಯಸ್ಸಾದರೆ, ಅದಕ್ಕೆ ದಾರಿ ಬಿಟ್ಟ ಪದರಗಳು ಅದಕ್ಕಿಂತ ಹಿರಿಯವೇ ಆಗಬೇಕಷ್ಟೆ. ಈ ಜಲಾನಯನದ ಹರವು ಈಗ ಕಾಣುವಂತೆ ಸುಮಾರು ೮೦೦೦ ಚದರ ಕಿಲೋಮೀಟರು. ಉತ್ತರದ ಕಡೆ ಅದು ಇನ್ನೂ ಮುಂದುವರಿದು, ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಕರಿಕಲ್ಲಿನ ಲಾವಾದ ಅಡಿಯಲ್ಲಿ ಅಡಗಿದೆ.

ಆ ಕಡಲಿನಲ್ಲಿ ಮೀನಿರಲಿಲ್ಲ, ಏಡಿಯಿರಲಿಲ್ಲ, ಒಂದು ಶಂಖದ ಹುಳುವೂ ಇರಲಿಲ್ಲ. ಆದರೆ ಜೀವವಿರಲಿಲ್ಲವೆಂದು ತಿಳಿಯಬಾರದು. ಲೋಕಾಪುರದ ಸುತ್ತಿನ ಡಾಲೊಮೈಟಿನಲ್ಲಿ ಗೋಪುರಗಳಂತೆ, ಬೋರಲು ಹಾಕಿದ ಬಟ್ಟಲುಗಳಂತೆ ಬಾಗಿದ ಪದರಗಳುಂಟು. ಕಡಿದ ಮೈ ನೋಡಿದರೆ ಉಳ್ಳಾಗಡ್ಡೆಯನ್ನು ಹೆಚ್ಚಿಟ್ಟ ಹಾಗೆ ತೆಳುಗೆರೆಗಳು ಒಂದರ ಮೇಲೊಂದು ಕೂತಿರುತ್ತವೆ. ೧೯೬೦ರ ದಶಕದಲ್ಲಿ ಬಿ. ವಿ. ಗೋವಿಂದರಾಜುಲು ಮತ್ತು ಎಂ. ಜೆ. ಚಂದ್ರಶೇಖರಗೌಡ ಅವರು ಇವು ಪಾಚಿಯ ಹಾಸುಗಳು ಕಟ್ಟಿದ ಕಲ್ಲುಗಳೆಂದು ವರ್ಣಿಸಿ ಬರೆದರು. ಇಂಥ ಕಲ್ಲುಗಳಿಗೆ ಸ್ಟ್ರೊಮ್ಯಾಟೊಲೈಟ್ ಎಂಬ ಹೆಸರು ಮೂಲದಲ್ಲಿ ಜರ್ಮನಿಯ ಕಾಲ್ಕೋವ್‌ಸ್ಕಿ ಅವರು ೧೯೦೮ರಲ್ಲಿ ಇಟ್ಟದ್ದು. ಹಾಸಿನ ಕಲ್ಲು ಎಂದು ಅದರ ಅರ್ಥ.

ಸತ್ತ ಕಲ್ಲನ್ನು ನೋಡಿ ಜೀವವನ್ನು ಊಹಿಸುವುದು ಕಷ್ಟದ ಕೆಲಸ. ಬಹುಕಾಲ ಈ ಮಾತನ್ನು ನಂಬದವರೂ ಇದ್ದರು. ಆದರೆ ೧೯೫೦ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯದ ಶಾರ್ಕ್ ಕೊಲ್ಲಿಯಲ್ಲಿ ಜೀವಂತವಾಗಿ ಬೆಳೆಯುತ್ತಿರುವ ಇಂಥವೇ ಗುಮ್ಮಟಗಳು ಕಣ್ಣಿಗೆ ಬಿದ್ದವು. ಅಲ್ಲಿಯ ನೀರು ಸಾಧಾರಣ ಕಡಲ ನೀರಿಗಿಂತ ಎರಡು ಪಟ್ಟು ಉಪ್ಪು. ಪಾಚಿಯನ್ನು ಮೇಯುವ ಶಂಖದ ಹುಳುಗಳು ಆ ಉಪ್ಪಿನಲ್ಲಿ ಬಾಳಲಾರವು. ಮೇಯುವವರಿಲ್ಲದ ಕಡೆ ಹಾಸು ನಿಶ್ಚಿಂತೆಯಾಗಿ ಬೆಳೆಯುತ್ತದೆ. ಬೆಳವಣಿಗೆ ವರ್ಷಕ್ಕೆ ಅರ್ಧ ಮಿಲಿಮೀಟರೂ ಇಲ್ಲ. ಮೇಯುವ ಪ್ರಾಣಿಯೇ ಹುಟ್ಟಿರದ ಕಾಲದಲ್ಲಿ ಬಾಗಲಕೋಟೆಯ ಕಡಲಿನ ತಗ್ಗುನೀರೆಲ್ಲ ಇಂಥ ಹಾಸುಗಳಿಗೆ ತೆರೆದ ಹೊಲವಾಗಿತ್ತು.

ಈ ಹಾಸು ಕಟ್ಟುವ ಜೀವಿಗಳಲ್ಲಿ ಮುಖ್ಯವಾದದ್ದು ನೀಲಿಹಸಿರು ಪಾಚಿ. ಮಳೆಗಾಲದಲ್ಲಿ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಲೋಳೆಯನ್ನು ಎಲ್ಲರೂ ಬಲ್ಲರು. ಪಾಚಿ ತನ್ನ ಸುತ್ತ ಸುರಿಸಿಕೊಳ್ಳುವ ಅಂಟೇ ಆ ಲೋಳೆ. ಬಿಸಿಲು ಬಿದ್ದರೆ ಒಣಗದ ಹಾಗೆ, ತೆರೆ ಬಡಿದರೆ ಕೊಚ್ಚಿಹೋಗದ ಹಾಗೆ ಅದು ಪಾಚಿಯನ್ನು ಕಾಯುತ್ತದೆ. ಕಡಲಿನಲ್ಲಿ ಇರುವ ದೊಡ್ಡ ಪಾಚಿಗಳೂ, ಎಂದರೆ ಕಾರವಾರದ ಬಂಡೆಗಳ ಮೇಲೆ ಕಾಣುವ ಹಸಿರು, ಕಂದು, ಕೆಂಪು ಬಣ್ಣದ ಕಡಲಕಳೆಗಳೂ, ಇಂಥ ಅಂಟನ್ನೇ ತಮ್ಮ ಮೈಯೊಳಗೆ ತುಂಬಿಕೊಂಡಿರುತ್ತವೆ. ಕೆಂಪು ಪಾಚಿಯಿಂದ ತೆಗೆದ ಅಂಟು ನಮ್ಮ ಅಡಿಗೆಮನೆಗೂ ಬಂದಿದೆ. ಹಾಲಿನಲ್ಲಿ ಕಾಯಿಸಿ ತಣಿಸಿದರೆ ಗಟ್ಟಿಯಾಗುವ ಚೈನಾ ಗ್ರಾಸ್ ಹುಲ್ಲಲ್ಲ, ಪಾಚಿಯ ಅಂಟು. ಅಗರ್ ಎಂದು ಅದರ ಇನ್ನೊಂದು ಹೆಸರು.

ಅಂಟೆಂದರೇನು? ಸಕ್ಕರೆಯ ಸಣ್ಣ ಕಣಗಳು ಸಾಲುಗಟ್ಟಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಆದ ಉದ್ದನೆಯ ಸರಪಳಿ. ನಮ್ಮ ಜೋಳದ ಹಿಟ್ಟೂ ಇಂಥದೇ ಸರಪಳಿ. ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸನ್ನು ಸೆರಗಿನ ಹಾಸಿಗೆ ಕೊಂಡಿ ಹಾಕಿ ಜೋಡಿಸುವುದನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ತಿಳಿಯುತ್ತದೆ. ಕೊಂಡಿ ಬಿಗಿಯಾಗಿರುವ ತನಕ ಎಳೆ ಒಂದೇ. ಕೊಂಡಿ ಕಳಚಿದರೆ ಬಿಡಿ ನೂಲು. ಜೋಳದ ರೊಟ್ಟಿಯನ್ನು ಬಾಯಲ್ಲಿ ಬಹಳ ಹೊತ್ತು ಅಗಿದರೆ ಸಿಹಿಯಾಗುವುದುಂಟು. ಜೊಲ್ಲಿನಲ್ಲಿರುವ ಒಂದು ವಸ್ತು ಹಿಟ್ಟಿನ ಕೊಂಡಿಗಳನ್ನು ಕಳಚಿ ಸಕ್ಕರೆಯನ್ನು ಬಿಡಿಸುವುದೇ ಅದಕ್ಕೆ ಕಾರಣ. ಅಂಥ ವಸ್ತುವಿಗೆ ಕಿಣ್ವವೆಂದು ಹೆಸರು. ಈ ಮಾತು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ಹುದುಗಿಸುವ ಬೀಜಕ್ಕೆ ಕಿಣ್ವವೆಂದೇ ಹೇಳಿದೆ. ಮೊಳಕೆ ಬಂದ ಧಾನ್ಯದಿಂದ ಇಂಥ ವಸ್ತುವೊಂದನ್ನು ಮೊದಲು ಬೇರ್ಪಡಿಸಿದವರು ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ, ಅದು ೧೮೩೩ರಲ್ಲಿ. ನೂಲಿಗೆ ಹಾಕಿದ ಗಂಜಿಯನ್ನು ತೆಗೆಯಲು ಬಟ್ಟೆಯ ಗಿರಣಿಗಳು ಇದೇ ಜಾತಿಯ ಕಿಣ್ವವನ್ನು ಬಳಸುತ್ತವೆ.

ಆದರೆ ಕಡಲ ಪಾಚಿಯ ಅಂಟಿನ ಕೊಂಡಿ ಗಂಜಿಯ ಕೊಂಡಿಯಷ್ಟು ಸುಲಭವಲ್ಲ. ಕಡಲ ನೀರಿನಲ್ಲಿ ಸಲ್ಫೇಟು ಧಾರಾಳವಾಗಿದೆ. ಇದು ಗಂಧಕವೂ ಆಮ್ಲಜನಕವೂ ಕೂಡಿ ಆದದ್ದು. ಒಂದು ಕಿಲೋ ಕಡಲ ನೀರಿನಲ್ಲಿ ಎರಡೂವರೆ ಗ್ರಾಮಿಗೂ ಹೆಚ್ಚು ಸಲ್ಫೇಟು ಉಂಟು. ಪಾಚಿಗಳು ಅದನ್ನು ಎತ್ತಿಕೊಂಡು ತಮ್ಮ ಸಕ್ಕರೆಯ ಸರಪಳಿಗೆ ಅಲ್ಲಲ್ಲಿ ಬೀಗದಂತೆ ಹಾಕಿಕೊಳ್ಳುತ್ತವೆ. ನೆಲದ ಗಿಡಗಳಲ್ಲಿ ಈ ಪದ್ಧತಿ ಬಹುಮಟ್ಟಿಗೆ ಇಲ್ಲ. ಸಲ್ಫೇಟು ಕೂತ ಸರಪಳಿ ನೀರನ್ನು ಬಿಗಿಯಾಗಿ ಹಿಡಿಯುತ್ತದೆ. ಕ್ಯಾಲ್ಸಿಯಮ್ಮಿನಂಥ ಧಾತುಗಳನ್ನು ಸೆಳೆದು ಇಟ್ಟುಕೊಳ್ಳುತ್ತದೆ. ಸಾಧಾರಣ ಕಿಣ್ವ ಬಂದರೆ ಅದರ ಬಾಯಿ ಕೊಂಡಿಯವರೆಗೆ ತಲುಪದ ಹಾಗೆ ಅಡ್ಡ ನಿಲ್ಲುತ್ತದೆ. ಮೊದಲು ಬೀಗ ತೆಗೆಯಬೇಕು, ಆಮೇಲೆ ಕೊಂಡಿ.

ಈ ಬೀಗ ತೆಗೆಯುವವರ ಸುಳಿವು ಮನುಷ್ಯನಿಗೆ ಸಿಕ್ಕಿದ್ದು ಅಡಿಗೆಮನೆಯ ಮೂಲಕ. ೧೮೮೧ರ ಸುಮಾರಿನಲ್ಲಿ ಜರ್ಮನಿಯ ರಾಬರ್ಟ್ ಕಾಖ್ ಅವರ ಪ್ರಯೋಗಶಾಲೆಯಲ್ಲಿ ಸೂಕ್ಷ್ಮಜೀವಿಗಳನ್ನು ಬೆಳೆಸಲು ಪ್ರಾಣಿಜನ್ಯವಾದ ಜೆಲಟಿನ್ನನ್ನು ಬಳಸುತ್ತಿದ್ದರು. ಬೇಸಗೆಯ ಸೆಕೆಗೆ ಅದು ಕರಗುತ್ತಿತ್ತು. ಕೆಲವು ಜೀವಿಗಳು ಅದನ್ನೇ ತಿಂದು ನೀರು ಮಾಡಿಬಿಡುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆ ಅವರ ಪತ್ನಿ ಫ್ಯಾನಿ ಹೆಸ್ಸೆ ಅವರು ತಮ್ಮ ಮನೆಯ ಸಿಹಿ ತಿನಿಸಿಗೆ ಅಗರನ್ನು ಬಳಸುತ್ತಿದ್ದರು. ಜಾವಾ ದೇಶದಲ್ಲಿದ್ದು ಬಂದ ಪರಿಚಿತರಿಂದ ಅದನ್ನು ಕಲಿತಿದ್ದರು. ಅದನ್ನೇ ಬಳಸಿ ನೋಡಬಾರದೇಕೆ ಎಂದು ಆಕೆ ಸೂಚಿಸಿದರು. ಅಂದಿನಿಂದ ಇಂದಿನವರೆಗೆ ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ರೋಗಾಣುಗಳನ್ನು ಬೆಳೆಸಿ ಗುರುತಿಸುವುದು ಕಡಲ ಪಾಚಿಯ ಈ ಅಂಟಿನ ಮೇಲೆಯೇ. ಅಗರ್ ಒಪ್ಪಿಗೆಯಾದದ್ದಕ್ಕೆ ಕಾರಣ ಸ್ಪಷ್ಟ: ನೆಲದ ಮೇಲಿನ ಸಾಧಾರಣ ಸೂಕ್ಷ್ಮಜೀವಿಗಳಿಗೆ ಅದನ್ನು ತಿನ್ನಲು ಬಾರದು.

ನೆಲದವರಿಗೆ ಬಾರದಿದ್ದರೆ ಕಡಲಿನವರಿಗೆ? ಪ್ರತಿವರ್ಷವೂ ಕಡಲು ರಾಶಿ ರಾಶಿ ಪಾಚಿಯನ್ನು ಬೆಳೆಯುತ್ತದೆ. ಆದರೂ ಕಡಲ ತಳದಲ್ಲಿ ಪಾಚಿಯ ಗುಡ್ಡ ಬೆಳೆದಿಲ್ಲ. ಅದನ್ನು ಯಾರೋ ಕರಗಿಸುತ್ತಿರಬೇಕು. ೧೯೦೨ರಲ್ಲಿ ನಾರ್ವೆಯ ಬರ್ಗೆನ್ನಿನಲ್ಲಿ ಹೋಕನ್ ಹಾಸ್‌ಬರ್ಗ್ ಗ್ರಾನ್ ಅವರು ಕಡಲ ನೀರಿನಿಂದ ಒಂದು ಸೂಕ್ಷ್ಮಜೀವಿಯನ್ನು ಹಿಡಿದರು. ಅಗರಿನ ತಟ್ಟೆಯ ಮೇಲೆ ಇಟ್ಟರೆ ಅದು ತಾನು ಕೂತ ಮಣೆಯನ್ನೇ ತಿನ್ನುತ್ತಿತ್ತು. ತಟ್ಟೆಯಲ್ಲಿ ತಗ್ಗು ಬೀಳುತ್ತಿತ್ತು. ಅದರಿಂದ ಹೊರಬಂದ ಕಿಣ್ವಕ್ಕೆ ಅವರು ‘ಜೆಲೇಸ್’ ಎಂದು ಹೆಸರಿಟ್ಟರು. ಕಡಲ ಪಾಚಿಯ ಅಂಟನ್ನು ಬಿಡಿಸುವ ಕಿಣ್ವದ ಚರಿತ್ರೆ ಅಲ್ಲಿಂದ ಮೊದಲಾಗುತ್ತದೆ.

ಬಳಿಕ ಒಂದೊಂದೇ ಅಂಟಿನ ಗುರುತು ಹತ್ತಿತು. ೧೯೧೩ರಲ್ಲಿ ಸ್ವೀಡನ್ನಿನ ಹರಾಲ್ಡ್ ಕ್ಯೂಲಿನ್ ಅವರು ಕಂದುಪಾಚಿಯ ಅಂಟನ್ನು ಬೇರ್ಪಡಿಸಿದರು. ಅದನ್ನು ಈಗ ಫ್ಯೂಕೊಯ್ಡಾನ್ ಎನ್ನುತ್ತಾರೆ. ಸಲ್ಫೇಟಿನ ಬೀಗ ಬಹುವಾಗಿ ಬಿದ್ದ ಅಂಟುಗಳಲ್ಲಿ ಅದೂ ಒಂದು. ಕೆಂಪುಪಾಚಿಯ ಇನ್ನೊಂದು ಅಂಟು ಕ್ಯಾರಗೀನನ್. ಹಾಲಿನ ಪದಾರ್ಥಗಳನ್ನು ಮಂದ ಮಾಡಲು ಅದನ್ನು ಬೆರೆಸುತ್ತಾರೆ. ಅದನ್ನು ಕಿಣ್ವದಿಂದ ಬಿಡಿಸುವ ಕ್ರಮವನ್ನು ೧೯೫೫ರಲ್ಲಿ ಕೆನಡಾದ ಹ್ಯಾಲಿಫ್ಯಾಕ್ಸಿನಿಂದ ಯಾಫೆ ಮತ್ತು ಬ್ಯಾಕ್ಸ್‌ಟರ್ ಎಂಬವರು ವರ್ಣಿಸಿದರು. ನಮ್ಮ ದೇಶದಲ್ಲಿಯೂ ಆ ಕಾಲಕ್ಕೆ ಕಡಲ ಸಂಪತ್ತಿನ ವಿಚಾರ ಎದ್ದಿತ್ತು. ೧೯೪೭ರಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನ ಸಂಸ್ಥೆಯೂ, ೧೯೫೪ರಲ್ಲಿ ಭಾವನಗರದ ಕೇಂದ್ರ ಲವಣ ಸಂಶೋಧನ ಸಂಸ್ಥೆಯೂ ಸ್ಥಾಪನೆಯಾದವು. ತಮಿಳುನಾಡಿನ ಮಂಡಪದ ಕರಾವಳಿಯ ಪಾಚಿಯಿಂದ ಅಗರ್ ತೆಗೆಯುವ ಉದ್ಯಮ ಬೆಳೆಯಲು ಇಂಥ ಸಂಸ್ಥೆಗಳ ಕೆಲಸ ನೆರವಾಯಿತು.

ಈ ಇಪ್ಪತ್ತೊಂದನೆಯ ಶತಮಾನದಲ್ಲಿ ಕಥೆ ಇನ್ನೂ ಸ್ವಾರಸ್ಯವಾಗಿದೆ. ಒಂದು ಅಂಟನ್ನು ಪೂರ್ತಿ ಬಿಡಿಸಲು ಒಂದು ಕಿಣ್ವ ಸಾಲದು. ಒಂದು ತಂಡವೇ ಬೇಕು. ಅದರಲ್ಲಿ ಕೆಲವು ಸಲ್ಫೇಟಿನ ಬೀಗವನ್ನು ತೆಗೆಯುತ್ತವೆ. ಕೆಲವು ನೀರಿನ ಕಣವನ್ನು ಒಳತೂರಿಸಿ ಕೊಂಡಿಯನ್ನು ಕಳಚುತ್ತವೆ. ಮತ್ತೆ ಕೆಲವು ನೀರಿನ ಹಂಗಿಲ್ಲದೆಯೇ ಸರಪಳಿಯನ್ನು ಸೀಳುತ್ತವೆ. ಮದುವೆಮನೆಯ ಅಡಿಗೆಯಲ್ಲಿ ಹೆಚ್ಚುವವರು ಬೇರೆ, ಅರೆಯುವವರು ಬೇರೆ, ಬೇಯಿಸುವವರು ಬೇರೆ ಇರುವ ಹಾಗೆ. ಕಡಲ ದಂಡೆಯ ಹಸಿರುಪಾಚಿಯ ಅಂಟನ್ನು ಬಿಡಿಸಲು ಒಂದು ಸೂಕ್ಷ್ಮಜೀವಿ ಹನ್ನೆರಡು ಕಿಣ್ವಗಳನ್ನು ಸರದಿಯಲ್ಲಿ ಹೂಡುವುದನ್ನು ಜರ್ಮನಿಯ ವಿಜ್ಞಾನಿಗಳೂ ಅವರ ಸಂಗಡಿಗರೂ ೨೦೧೯ರಲ್ಲಿ ತೋರಿಸಿದರು. ಕಂದುಪಾಚಿಯ ಫ್ಯೂಕೊಯ್ಡಾನಿಗಾದರೆ ಹನ್ನೆರಡೂ ಸಾಲವು. ಬ್ರೆಮೆನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯವರು ೨೦೨೦ರಲ್ಲಿ ವರ್ಣಿಸಿದ ಲೆಂಟಿಮೋನಾಸ್ ಎಂಬ ಕಡಲ ಸೂಕ್ಷ್ಮಜೀವಿ ಅದಕ್ಕಾಗಿ ನೂರಕ್ಕೂ ಹೆಚ್ಚು ಕಿಣ್ವಗಳನ್ನು ಕಟ್ಟಿಕೊಳ್ಳುತ್ತದೆ.

ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ಹೋಗುವುದೂ ಉಂಟು. ಜಪಾನಿನವರು ನೋರಿ ಎಂಬ ಕೆಂಪುಪಾಚಿಯನ್ನು ನೂರಾರು ವರ್ಷಗಳಿಂದ ಉಣ್ಣುತ್ತ ಬಂದವರು. ಆ ಪಾಚಿಯ ಸಲ್ಫೇಟುಳ್ಳ ಅಂಟನ್ನು ಬಿಡಿಸುವ ಕಿಣ್ವವನ್ನು ಫ್ರಾನ್ಸಿನ ರೊಸ್ಕಾಫಿನ ವಿಜ್ಞಾನಿಗಳು ಕಡಲಿನ ಸೂಕ್ಷ್ಮಜೀವಿಯೊಂದರಲ್ಲಿ ಕಂಡು, ೨೦೧೦ರಲ್ಲಿ ಪ್ರಕಟಿಸಿದರು. ಅದೇ ಜಾತಿಯ ಕಿಣ್ವದ ಬೀಜಸೂತ್ರ ಜಪಾನಿನವರ ಕರುಳಿನ ಸೂಕ್ಷ್ಮಜೀವಿಯಲ್ಲಿಯೂ ಕಂಡಿತು. ಹೋಲಿಸಿ ನೋಡಿದ ಉತ್ತರ ಅಮೆರಿಕದವರಲ್ಲಿ ಅದು ಕಾಣಲಿಲ್ಲ. ಹಸಿಪಾಚಿಯ ಜತೆ ಹೊಟ್ಟೆ ಸೇರಿದ ಕಡಲ ಜೀವಿ ಅಲ್ಲಿಯವರಿಗೆ ತನ್ನ ಕಸುಬನ್ನು ಕಲಿಸಿತೆಂದು ವಿಜ್ಞಾನಿಗಳ ನಿರ್ಣಯ. ಊಟದ ಎಲೆ ಕೂಡ ಚರಿತ್ರೆಯ ಒಂದು ದಾಖಲೆಯಾಗಬಹುದೆಂದಾಯಿತು.

ಈಗ ಮತ್ತೆ ಬಾಗಲಕೋಟೆಯ ಕಡಲಿಗೆ ಬರೋಣ. ನೀಲಿಹಸಿರು ಪಾಚಿಯ ಲೋಳೆಯಲ್ಲಿಯೂ ಸಲ್ಫೇಟಿನ ಬೀಗಗಳುಂಟು. ಸೂಕ್ಷ್ಮಜೀವಿಗಳ ಕುಲದಲ್ಲಿ ಇದು ಆ ಪಾಚಿಯ ಒಂದು ಲಕ್ಷಣವೆನ್ನಬಹುದು. ಕಡಲ ನೀರಿನ ಕ್ಯಾಲ್ಸಿಯಮ್ಮನ್ನು ಆ ಲೋಳೆ ಎಳೆದು ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡಿರುವ ತನಕ ಕಲ್ಲು ಹುಟ್ಟದು. ಸಾಹುಕಾರನ ಪೆಟ್ಟಿಗೆಯಲ್ಲಿ ಕೂತ ಹಣದಂತೆ ಅದು ಚಲಾವಣೆಗೆ ಬಾರದು. ಪಾಚಿ ಮೇಲುಗಡೆ ಬಿಸಿಲು ಕುಡಿಯುತ್ತಿದ್ದರೆ, ಹಾಸಿನ ಕೆಳಪದರದಲ್ಲಿ ಬೇರೆ ಸೂಕ್ಷ್ಮಜೀವಿಗಳು ಆ ಲೋಳೆಯನ್ನು ಬಿಡಿಸಿ ತಿನ್ನುತ್ತವೆ. ಬಿಡಿಸಿದ ಸಕ್ಕರೆಯ ಇಂಗಾಲ ಉಸಿರಾಗಿ ನೀರಿಗೆ ಬರುತ್ತದೆ. ಹಿಡಿತ ತಪ್ಪಿದ ಕ್ಯಾಲ್ಸಿಯಮ್ಮೂ ನೀರಿಗೆ ಬರುತ್ತದೆ. ಗಾಳಿಯಿಲ್ಲದ ಆ ಕತ್ತಲೆಯಲ್ಲಿ ಸಲ್ಫೇಟನ್ನೇ ಉಸಿರಾಡುವ ಜೀವಿಗಳು ನೀರಿನ ಹುಳಿಯನ್ನು ತಗ್ಗಿಸಿ ಕ್ಷಾರವನ್ನು ಹೆಚ್ಚಿಸುತ್ತವೆ. ಆಗ ಇಂಗಾಲವೂ ಕ್ಯಾಲ್ಸಿಯಮ್ಮೂ ಕೂಡಿ ಸುಣ್ಣಗಲ್ಲಿನ ಒಂದು ತೆಳುಪೊರೆ ಕೂರುತ್ತದೆ. ಪಾಚಿ ಅದರ ಮೇಲೇರಿ ಮತ್ತೆ ಹಾಸು ಹಾಸುತ್ತದೆ.

ಇದು ಕಲ್ಪನೆಯ ಚಿತ್ರವಲ್ಲ. ಬಹಾಮ ದ್ವೀಪಗಳ ಕಡಲಿನಲ್ಲಿ ಬೆಳೆಯುತ್ತಿರುವ ಹಾಸುಗಳನ್ನು ಪರೀಕ್ಷಿಸಿ, ಸೂಕ್ಷ್ಮಜೀವಿಗಳ ಸರದಿ ಹೇಗೆ ಒಂದೊಂದು ಪದರವನ್ನು ಕಲ್ಲಾಗಿಸುತ್ತದೆಂಬುದನ್ನು ೨೦೦೦ದಲ್ಲಿ ಪ್ರಕಟಿಸಿದ್ದಾರೆ. ಬ್ರೆಜಿಲಿನ ಒಂದು ಉಪ್ಪುಕೆರೆಯ ಸೂಕ್ಷ್ಮಜೀವಿಗಳು ಡಾಲೊಮೈಟಿನ ಹುಟ್ಟಿಗೂ ನೆರವಾಗುತ್ತವೆಂದು ೧೯೯೫ರಲ್ಲಿ ತೋರಿಸಲಾಯಿತು. ಲೋಕಾಪುರದ ಕಲ್ಲಿನಲ್ಲಿ ಅಂದಿನ ಲೋಳೆಯೂ ಉಳಿದಿಲ್ಲ, ಕಿಣ್ವವೂ ಉಳಿದಿಲ್ಲ. ನೂರು ಕೋಟಿಗೂ ಮಿಕ್ಕ ವರ್ಷ ಅಂಥ ಮೃದುವಸ್ತು ಉಳಿಯುವಂತೆಯೂ ಇಲ್ಲ. ಉಳಿದಿರುವುದು ಗೆರೆಯ ಮೇಲೆ ಗೆರೆಯಾಗಿ ಕೂತ ಲೆಕ್ಕ. ಇಂದಿನ ಹಾಸಿನ ಗೆರೆಯನ್ನು ಓದಲು ಕಲಿತವರು ಅಂದಿನ ಗೆರೆಯನ್ನೂ ಓದುತ್ತಾರೆ. ಹಳಗನ್ನಡದ ಶಾಸನವನ್ನು ನಾವು ಓದುವುದೂ ಇದೇ ಕ್ರಮದಿಂದಲ್ಲವೆ?

ಅದೇ ಪುರಾತನ ಯುಗದಲ್ಲಿ ದೊಡ್ಡ ಪಾಚಿಗಳ ಹಿರಿಯರೂ ನಮ್ಮ ದೇಶದ ನೀರಿನಲ್ಲಿ ಇದ್ದರೆಂಬುದಕ್ಕೆ ಸಾಕ್ಷಿ ಉಂಟು. ಚಿತ್ರಕೂಟದ ಹತ್ತಿರದ ವಿಂಧ್ಯ ಶಿಲೆಗಳಲ್ಲಿ, ಇಂಥದೇ ಹಾಸುಗಲ್ಲಿನೊಳಗೆ, ಕೆಂಪುಪಾಚಿಯನ್ನು ಹೋಲುವ ಪಳೆಯುಳಿಕೆಗಳು ಸಿಕ್ಕಿದುದನ್ನು ೨೦೧೭ರಲ್ಲಿ ಸ್ವೀಡನ್ನಿನ ಬೆಂಗ್ಟ್‌ಸನ್ ಮತ್ತು ಸಂಗಡಿಗರು ವರ್ಣಿಸಿದರು. ಅವುಗಳ ವಯಸ್ಸು ಸುಮಾರು ೧೬೦ ಕೋಟಿ ವರ್ಷ. ಚೈನಾ ಗ್ರಾಸ್ ಕೊಡುವ ಕುಲದ ವಂಶಾವಳಿ ಅಷ್ಟು ಹಿಂದಕ್ಕೆ ಹೋಗುತ್ತದೆ.

ಇಷ್ಟು ಹಳೆಯ ಸಂಗತಿ ಇಂದಿನ ನಮಗೇಕೆ ಎಂಬ ಪ್ರಶ್ನೆ ಏಳಬಹುದು. ಉತ್ತರ ಇಂಗಾಲದ ಲೆಕ್ಕದಲ್ಲಿದೆ. ಗಾಳಿಯ ಇಂಗಾಲವನ್ನು ಪಾಚಿ ಅಂಟಾಗಿ ಕಟ್ಟುತ್ತದೆ. ಕಿಣ್ವಗಳು ಆ ಅಂಟನ್ನು ಬೇಗ ಬಿಡಿಸಿದರೆ ಇಂಗಾಲದ ಬಹುಪಾಲು ಮತ್ತೆ ಗಾಳಿಗೆ ಬರುತ್ತದೆ. ಬಿಡಿಸುವುದು ತಡವಾದರೆ ಅದು ಕಡಲಿನಲ್ಲಿ ಉಳಿಯುತ್ತದೆ, ಒಂದು ಪಾಲು ತಳಕ್ಕೆ ಇಳಿಯುತ್ತದೆ. ಭೂಮಿಯ ಸೆಕೆ ಏರುತ್ತಿರುವ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಕಂದುಪಾಚಿಗಳು ಸುರಿಸುವ ಫ್ಯೂಕೊಯ್ಡಾನಿನ ಮೂಲಕ ವರ್ಷಕ್ಕೆ ೫೫ ಕೋಟಿ ಟನ್ನುಗಳವರೆಗೆ ಇಂಗಾಲಾಮ್ಲವಾಯು ಗಾಳಿಯಿಂದ ದೂರವಾಗಬಹುದೆಂದು ಬ್ರೆಮೆನ್ನಿನ ವಿಜ್ಞಾನಿಗಳು ೨೦೨೨ರಲ್ಲಿ ಅಂದಾಜು ಮಾಡಿದರು. ನೂರು ಕಿಣ್ವಗಳ ತಂಡ ಕಟ್ಟಬಲ್ಲ ಜೀವಿಗಳು ಎಷ್ಟಿವೆ, ಎಷ್ಟು ಬೇಗ ಕೆಲಸ ಮಾಡುತ್ತವೆ ಎಂಬುದರ ಮೇಲೆ ಆ ಲೆಕ್ಕ ನಿಂತಿದೆ.

ಬಾಗಲಕೋಟೆಯ ಕಲ್ಲಿನ ಲೆಕ್ಕವೂ ಇದಕ್ಕೆ ಸೇರಿದ್ದೇ. ಶುದ್ಧ ಸುಣ್ಣಗಲ್ಲು ನೂರು ಕಿಲೋ ಸುಟ್ಟರೆ ೫೬ ಕಿಲೋ ಸುಣ್ಣ ಉಳಿಯುತ್ತದೆ. ೪೪ ಕಿಲೋ ಇಂಗಾಲಾಮ್ಲವಾಯುವಾಗಿ ಹಾರಿಹೋಗುತ್ತದೆ. ಪಾಚಿ ಕಟ್ಟಿ, ಕಿಣ್ವ ಬಿಡಿಸಿ, ಕಡಲು ಕಲ್ಲಾಗಿಸಿ ಇಟ್ಟ ಇಂಗಾಲವನ್ನು ಸುಣ್ಣದ ಭಟ್ಟಿಯೂ ಸಿಮೆಂಟಿನ ಗೂಡೂ ಒಂದು ದಿನದಲ್ಲಿ ಬಿಡುಗಡೆ ಮಾಡುತ್ತವೆ. ಹಾಗೆಂದು ಮನೆ ಕಟ್ಟಬಾರದೆಂದು ಯಾರೂ ಹೇಳಲಾರರು. ಸುಣ್ಣದ ಕಸುಬಿನಿಂದ, ಸಿಮೆಂಟು ಕಾರ್ಖಾನೆಯ ದುಡಿಮೆಯಿಂದ ಈ ಜಿಲ್ಲೆಯಲ್ಲಿ ಎಷ್ಟೋ ಒಲೆಗಳು ಉರಿದಿವೆ. ಆದರೆ ಗಣಿಯಿಂದ ತೆಗೆದ ಕಲ್ಲಿನ ಜತೆಗೆ ಏನು ಹೋಗುತ್ತದೆಂಬುದನ್ನು ತಿಳಿದು ತೆಗೆಯುವುದು ಬೇರೆ, ತಿಳಿಯದೆ ತೆಗೆಯುವುದು ಬೇರೆ.

ಕಳೆದುಕೊಳ್ಳುವುದೆಂದರೇನೆಂದು ಈ ಸೀಮೆಯವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ. ೧೯೬೪ರಲ್ಲಿ ಅಡಿಗಲ್ಲು ಬಿದ್ದ ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳವರೆಗೆ ಬಂದಿತು. ಜನ ನವನಗರಕ್ಕೆ ಮನೆ ಬದಲಿಸಿದರು. ಊರನ್ನು ಬೇರೆಡೆಗೆ ಒಯ್ದು ಕಟ್ಟಬಹುದು. ಬಂಡೆಯಲ್ಲಿ ಬರೆದ ಕಡಲಿನ ಲೆಕ್ಕವನ್ನು ಒಯ್ದು ಕಟ್ಟಲಾಗದು. ರಾಜಸ್ಥಾನದಲ್ಲಿ ಉದಯಪುರದ ಹತ್ತಿರದ ಝಾಮರಕೋಟ್ರ, ಚಿತ್ತೋಡದ ಹತ್ತಿರದ ಭೋಜುಂದ, ಈ ಎರಡು ಕಡೆಯ ಹಾಸುಗಲ್ಲುಗಳನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆಂದು ಸಾರಿ ಕಾಪಾಡಲಾಗಿದೆ. ಝಾಮರಕೋಟ್ರದಲ್ಲಿ ಗಣಿಯೂ ನಡೆದಿದೆ, ಸ್ಮಾರಕವೂ ನಿಂತಿದೆ. ಎರಡೂ ಜತೆಯಾಗಿ ನಡೆಯುವುದು ಸಾಧ್ಯವೆಂಬುದಕ್ಕೆ ಅದೇ ನಿದರ್ಶನ.

ಬಾದಾಮಿಗೆ ಹೋದ ಶಾಲೆಯ ಮಕ್ಕಳು ಗುಹೆಗಳನ್ನು ನೋಡುತ್ತಾರೆ, ಅಗಸ್ತ್ಯತೀರ್ಥವನ್ನು ನೋಡುತ್ತಾರೆ, ಐಹೊಳೆ ಪಟ್ಟದಕಲ್ಲುಗಳನ್ನೂ ನೋಡಿ ಬರುತ್ತಾರೆ. ಅದೇ ಪ್ರವಾಸದಲ್ಲಿ ಒಂದು ಮಧ್ಯಾಹ್ನ ಲೋಕಾಪುರದ ಕಡೆಗೂ ಕರೆದೊಯ್ದು, ಬಟ್ಟಲು ಬೋರಲು ಹಾಕಿದಂತಿರುವ ಕಲ್ಲಿನ ಗೆರೆಗಳನ್ನು ತೋರಿಸಿದರೆ ಖರ್ಚೇನೂ ಹೆಚ್ಚಲಾರದು. ಅಂಟು ಕಟ್ಟಿದ ಪಾಚಿಯ ಹೆಸರಿನ ಜತೆಗೆ, ಅದನ್ನು ಬಿಡಿಸಿ ಕಲ್ಲಾಗಿಸಿದ ಸೂಕ್ಷ್ಮಜೀವಿಗಳ ಮಾತನ್ನೂ ಶಿಕ್ಷಕರು ಅಲ್ಲಿಯೇ ಹೇಳಬಹುದು. ಅಂಥ ಒಂದೆರಡು ಬಂಡೆಗಳನ್ನಾದರೂ ಗುರುತು ಹಾಕಿ, ಸುತ್ತ ಬೇಲಿ ಕಟ್ಟಿ, ಕನ್ನಡದಲ್ಲಿ ಒಂದು ಫಲಕ ನಿಲ್ಲಿಸುವ ಕೆಲಸ ಜಿಲ್ಲೆಯ ಕೈಯಳತೆಯಲ್ಲಿಯೇ ಇದೆ.